ಒಂದೇ ಕಪಾಟು, ಹಲವು ಮಟ್ಟದ ಓದುಗರು: ಕರಾವಳಿಯ ಶಾಲೆಗಳಿಗೆ ಲೈಬ್ರರಿ ಮಾರ್ಗದರ್ಶಿ

ಉಡುಪಿ, ಮಂಗಳೂರು ಕಡೆ ಪುಸ್ತಕವೇ ಇಲ್ಲದ ಶಾಲೆ ಕಡಿಮೆ. ಇಲಾಖೆಯಿಂದ ಬಂದವು, ಹಳೆ ವಿದ್ಯಾರ್ಥಿ ಸಂಘದವರು ಕೊಟ್ಟವು, ಮುಂಬೈಗೋ ದುಬೈಗೋ ಹೋದವರು ಊರಿಗೆ ಬಂದಾಗ ತಂದುಕೊಟ್ಟವು, ಯಾರದೋ ಮನೆಯ ಅಟ್ಟದಿಂದ ಇಳಿದವು, ಎಲ್ಲ ಸೇರಿ ಕಪಾಟು ತುಂಬಿರುತ್ತದೆ. ಆದರೆ ಆರನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಕಂಡ ಕೂಡಲೇ ನಿಂತುಬಿಡುವ ಹುಡುಗನಿಗೆ ಅದರಲ್ಲಿ ಎಷ್ಟು ಪುಸ್ತಕ ಇದೆ? ಮೂರನೇ ಕ್ಲಾಸಿನಲ್ಲೇ ಸಿಕ್ಕಿದ್ದೆಲ್ಲ ಓದಿ ಮುಗಿಸಿ 'ಇನ್ನೇನಿದೆ ಟೀಚರ್' ಅಂತ ಕೇಳುವ ಹುಡುಗಿಗೆ? ಮನೆಯಲ್ಲಿ ಬ್ಯಾರಿ ಮಾತಾಡಿ, ಶಾಲೆಯಲ್ಲಿ ಮೊದಲ ಸಲ ಪುಸ್ತಕದ ಕನ್ನಡ ಕೇಳುವ ಮಗುವಿಗೆ?

ಈ ಮೂವರಿಗೂ ಒಂದೇ ಕಪಾಟಿನಿಂದ ಪುಸ್ತಕ ಸಿಗುವ ಹಾಗೆ ಮಾಡಬಹುದು. ಅದಕ್ಕೆ ಬೇರೆ ಕೋಣೆ ಬೇಡ, ಕಂಪ್ಯೂಟರ್ ಬೇಡ. ಪುಸ್ತಕಗಳನ್ನು ಸರಿಯಾಗಿ ವಿಂಗಡಿಸಬೇಕು, ಅಷ್ಟೆ. ವಿಂಗಡಿಸುವಾಗ ತರಗತಿಯ ಲೆಕ್ಕ ಬಿಟ್ಟು ಎರಡು ವಿಷಯ ನೋಡಬೇಕು: ಅಕ್ಷರ ಎಷ್ಟು ಕಷ್ಟ, ಭಾಷೆ ಮನೆಮಾತಿಗೆ ಎಷ್ಟು ದೂರ. ಕನ್ನಡದಲ್ಲಿ ಈ ಎರಡೂ ಬೇರೆ ಬೇರೆ. ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಹೆಜ್ಜೆ 1: ಕಪಾಟು ಪೂರ್ತಿ ಖಾಲಿ ಮಾಡಿ

ಎಲ್ಲ ಪುಸ್ತಕ ನೆಲದ ಮೇಲೆ ಬರಲಿ. ಮೂರು ರಾಶಿ ಮಾಡಿ. ಮಕ್ಕಳು ಓದುವಂಥವು ಒಂದು ರಾಶಿ. ಶಿಕ್ಷಕರಿಗೆ ಬೇಕಾದವು ಇನ್ನೊಂದು, ನಿಘಂಟು, ಕೈಪಿಡಿ, ತರಬೇತಿಯಲ್ಲಿ ಕೊಟ್ಟ ಪುಸ್ತಕ ಇತ್ಯಾದಿ. ಯಾರೂ ಓದದವು ಮೂರನೆಯದು. ಈ ಮೂರನೇ ರಾಶಿ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿರುತ್ತದೆ. ಹಳೆಯ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು, ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆಗಳು, ಒರಲೆ ತಿಂದ ಗ್ರಂಥಗಳು ಎಲ್ಲ ಅಲ್ಲೇ ಇರುತ್ತವೆ.

ಸ್ಟಾಕ್ ರಿಜಿಸ್ಟರಿನಲ್ಲಿ ನಂಬರ್ ಇರುವ ಪುಸ್ತಕವನ್ನು ಸುಮ್ನೆ ರದ್ದಿಗೆ ಹಾಕುವ ಹಾಗಿಲ್ಲ. ಪಟ್ಟಿ ಮಾಡಿ, ಮುಖ್ಯೋಪಾಧ್ಯಾಯರಿಗೂ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಸಮಿತಿ) ತೋರಿಸಿ, ಇಲಾಖೆಯ ನಿಯಮದ ಪ್ರಕಾರ ತೆಗೆಯಬೇಕು. ಅಲ್ಲಿಯ ತನಕ ಬೇರೆ ಪೆಟ್ಟಿಗೆಯಲ್ಲಿ ಕಟ್ಟಿಡಿ. ಮಕ್ಕಳ ಕಣ್ಣ ಮುಂದಿನ ಜಾಗ ಖಾಲಿಯಾದರೆ ಸಾಕು. ಐವತ್ತು ಒಳ್ಳೆ ಪುಸ್ತಕ ಐನೂರು ಸತ್ತ ಪುಸ್ತಕಗಳ ನಡುವೆ ಅಡಗಿದ್ದರೆ ಯಾವ ಮಗುವೂ ಅದನ್ನು ಹುಡುಕಿ ತೆಗೆಯುವುದಿಲ್ಲ.

ಹೆಜ್ಜೆ 2: ಮಕ್ಕಳು ಎಲ್ಲಿದ್ದಾರೆ ಅಂತ ನೋಡಿ

ಒಂದರಿಂದ ಮೂರನೇ ತರಗತಿಯವರೆಗೆ ಚಟುವಟಿಕೆಯಿಂದ ಕಲಿಸುವ ನಲಿ ಕಲಿ ಇರುವ ಶಾಲೆಗಳಲ್ಲಿ ಅರ್ಧ ಕೆಲಸ ಆಗಿರುತ್ತದೆ. ಎಚ್.ಡಿ. ಕೋಟೆಯಲ್ಲಿ 1990ರ ದಶಕದಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಅಂತ ಟೀಚರ್‌ಗೆ ಗೊತ್ತಿರುತ್ತದೆ. ಯಾವ ಮಗು ಒಬ್ಬರ ಸಹಾಯವಿಲ್ಲದೆ ಕಲಿಯುತ್ತದೆ, ಯಾವುದಕ್ಕೆ ಪಕ್ಕದಲ್ಲಿ ಕೂರಬೇಕು ಅನ್ನುವುದೂ ಗೊತ್ತು. ಲೈಬ್ರರಿಗೆ ಅದೇ ಮಾಹಿತಿ ಸಾಕು. ಮತ್ತೆ ಪರೀಕ್ಷೆ ಮಾಡಬೇಡಿ.

ನಾಲ್ಕನೆಯ ಮೇಲಿನವರಿಗೆ, ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯವರು ಬಳಸುವ ಪಟ್ಟಿ ಒಳ್ಳೆಯದು. ಅದು 2005ರಿಂದ ಬಳಕೆಯಲ್ಲಿದೆ, ಕನ್ನಡದಲ್ಲೂ ಸಿಗುತ್ತದೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ, ಇಷ್ಟೇ ಇರುತ್ತದೆ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಮಗುವನ್ನು ಜಗಲಿಗೆ ಕರೆದು, ಬೇರೆಯವರ ಕಿವಿಗೆ ಬೀಳದ ಹಾಗೆ ಓದಿಸಿ.

ಇಲ್ಲೊಂದು ಎಚ್ಚರ ಬೇಕು. ಕನ್ನಡ ಲಿಪಿಯಲ್ಲಿ ಬರೆದ ಹಾಗೆಯೇ ಓದುವುದು ಅಲ್ವಾ? ಹಾಗಾಗಿ ಅಕ್ಷರ, ಕಾಗುಣಿತ, ಒತ್ತು ಕಲಿತ ಮಗು ಏನು ಕೊಟ್ಟರೂ ಗಟ್ಟಿಯಾಗಿ ಓದಿಬಿಡುತ್ತದೆ. ಅರ್ಥ ಆಗಿರಬೇಕು ಅಂತ ಏನೂ ಇಲ್ಲ. ಕೇಳುವ ನಮಗೆ 'ಎಷ್ಟು ಚಂದ ಓದುತ್ತಾನೆ' ಅನ್ನಿಸುತ್ತದೆ. ಆದ್ದರಿಂದ ಓದಿದ ಮೇಲೆ ಎರಡು ಪ್ರಶ್ನೆ ಕೇಳಿ. ಒಂದರ ಉತ್ತರ ಕಥೆಯಲ್ಲೇ ಇರಲಿ, ಇನ್ನೊಂದಕ್ಕೆ ಸ್ವಲ್ಪ ಯೋಚಿಸಬೇಕಾಗಲಿ. ಉತ್ತರ ತುಳುವಿನಲ್ಲಿ ಬರಲಿ, ಕೊಂಕಣಿಯಲ್ಲಿ ಬರಲಿ, ಕುಂದಾಪ್ರ ಕನ್ನಡದಲ್ಲಿ ಬರಲಿ, ತಗೊಳ್ಳಿ. ನಿಮಗೆ ಆ ಭಾಷೆ ಬರದಿದ್ದರೆ ಬಲ್ಲ ಇನ್ನೊಬ್ಬ ಟೀಚರನ್ನು ಕೂರಿಸಿ. ಅರ್ಥ ಆಗಿಲ್ಲವೋ, ಅರ್ಥವಾದದ್ದನ್ನು ಪುಸ್ತಕದ ಕನ್ನಡದಲ್ಲಿ ಹೇಳಲು ಬರುವುದಿಲ್ಲವೋ ಅನ್ನುವುದು ಆಗ ತಿಳಿಯುತ್ತದೆ. ಎರಡಕ್ಕೂ ಕೊಡಬೇಕಾದ ಪುಸ್ತಕ ಬೇರೆ ಬೇರೆ.

ಗಡಿಯಾರ ಹಿಡಿದು ಕೂರಬೇಡಿ. 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೇ ತರಗತಿ ಮುಗಿಸುವಾಗ ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಅಂತ ಗುರಿ ಇದೆ. 'ಹೋಗಬೇಕಾಗಿತ್ತು', 'ಮನೆಯವರೊಂದಿಗೆ' ಇಂಥವೂ ಒಂದೊಂದು ಪದವೇ ಆಗುವ ಭಾಷೆಯಲ್ಲಿ ಆ ಲೆಕ್ಕ ಹಿಡಿದು ಮಗುವಿಗೆ ಪುಸ್ತಕ ಆರಿಸುವುದು ನನಗೆ ಸರಿ ಕಾಣುವುದಿಲ್ಲ. ತಡವರಿಸಿದರೂ ನಗಬೇಕಾದ ಕಡೆ ನಕ್ಕರೆ ಆ ಪುಸ್ತಕ ಆ ಮಗುವಿನದೇ.

ಫಲಿತಾಂಶವನ್ನು ನಿಮ್ಮ ನೋಟ್‌ಬುಕ್‌ನಲ್ಲಿ ಇಟ್ಟುಕೊಳ್ಳಿ. ಗೋಡೆಗೆ ಅಂಟಿಸಬೇಡಿ.

ಹೆಜ್ಜೆ 3: ಪುಸ್ತಕಕ್ಕೆ ಮಟ್ಟ ಹಾಕಿ

ಹೆಚ್ಚು ಸಮಯ ಹಿಡಿಯುವ ಕೆಲಸ ಇದು. ಆದರೆ ಒಂದು ಸಲ ಮಾಡಿದರೆ ವರ್ಷಗಟ್ಟಲೆ ಉಳಿಯುತ್ತದೆ.

ಪ್ರಕಾಶಕರೇ ಕೆಲವು ಪುಸ್ತಕಗಳಿಗೆ ಮಟ್ಟ ಹಾಕಿರುತ್ತಾರೆ. ಪ್ರಥಮ್ ಬುಕ್ಸ್‌ನವರ ನಾಲ್ಕು ಹಂತಗಳು ಎಲ್ಲರಿಗೂ ಗೊತ್ತು. ಮೊದಲ ಹಂತದಲ್ಲಿ ಸುಮಾರು 250 ಪದದೊಳಗಿನ ಕಥೆ, ಎರಡರಲ್ಲಿ 600ರವರೆಗೆ, ಮೂರರಲ್ಲಿ 1500ರವರೆಗೆ, ನಾಲ್ಕರಲ್ಲಿ ಅದಕ್ಕಿಂತ ಜಾಸ್ತಿ. ಉಪಯೋಗ ಇದೆ. ಆದರೆ ಇದು ಹೆಚ್ಚಾಗಿ ಉದ್ದ ಮತ್ತು ಕಥೆಯ ಹದ ನೋಡಿ ಮಾಡಿದ ವಿಂಗಡಣೆ. ಬೇರೆ ಭಾಷೆಯಿಂದ ಅನುವಾದ ಆದಾಗ ಮೊದಲ ಹಂತದ ನಾಲ್ಕು ಸಾಲಿನ ಪುಸ್ತಕದಲ್ಲೂ 'ಆಶ್ಚರ್ಯ' ಅಂತ ಬಂದು ಕೂತಿರುತ್ತದೆ. ಈಗಷ್ಟೇ ಕಾಗುಣಿತ ಮುಗಿಸಿದ ಮಗು ಅಲ್ಲಿಗೇ ಪುಸ್ತಕ ಮುಚ್ಚುತ್ತದೆ. ಹಾಗಾಗಿ ನೀವೇ ಪುಟ ತಿರುಗಿಸಿ ನೋಡಬೇಕು.

ಏನು ನೋಡಬೇಕು ಅನ್ನುವುದಕ್ಕೆ ಉಡುಪಿಯಿಂದ ಮಂಗಳೂರಿಗೆ ಹೋಗುವ ಬಸ್ಸು ಹತ್ತಿದರೆ ಸಾಕು. ಕಟಪಾಡಿ, ಕಾಪು, ಹೆಜಮಾಡಿ: ಬರೀ ಮೂಲಾಕ್ಷರ, ಕಾಗುಣಿತ. ಉಚ್ಚಿಲ: ಅದೇ ಅಕ್ಷರಕ್ಕೆ ಅದೇ ಒತ್ತು. ಪಡುಬಿದ್ರಿ, ಮೂಲ್ಕಿ, ಸುರತ್ಕಲ್: ಒಂದು ಅಕ್ಷರಕ್ಕೆ ಬೇರೊಂದರ ಒತ್ತು. ಊರ ಬೋರ್ಡುಗಳಲ್ಲೇ ಮೂರು ಮಟ್ಟ ಸಿಕ್ಕಿತು. ಇದನ್ನೇ ಪುಸ್ತಕಕ್ಕೆ ಹಿಡಿಯಿರಿ.

ಮೊದಲ ಮಟ್ಟಕ್ಕೆ ಬರೀ ಚಿತ್ರ ಇರುವ ಪುಸ್ತಕ, ಪುಟಕ್ಕೊಂದು ಎರಡು ಪದ ಇರುವ ಪುಸ್ತಕ, ಒತ್ತು ಇಲ್ಲದ ಅಥವಾ ತೀರಾ ಕಡಿಮೆ ಇರುವ ಪುಸ್ತಕ. ಮರ, ಮಳೆ, ದೋಣಿ, ಕಡಲು, ಈ ಬಗೆಯ ಪದಗಳು. ಇಂಥವು ಬಹಳ ಸಿಗುವುದಿಲ್ಲ. ಅದಕ್ಕೆ ಕಾರಣವೂ ಇದೆ. 'ಇಲ್ಲ', 'ಅಲ್ಲ', 'ಇತ್ತು', 'ಬಿಟ್ಟ', 'ಅಮ್ಮ' ಇವೆಲ್ಲ ಬಿಟ್ಟು ಕನ್ನಡದಲ್ಲಿ ಕಥೆ ಹೇಳುವುದು ಬರೆಯುವವರಿಗೇ ಕಷ್ಟ.

ಎರಡನೇ ಮಟ್ಟದಲ್ಲಿ ಸಜಾತಿ ಒತ್ತು ಇರಲಿ: ಅಕ್ಕ, ಅಜ್ಜಿ, ಬೆಕ್ಕು, ಹಣ್ಣು, ಮಲ್ಲಿಗೆ. ಸಾಲು ಗಿಡ್ಡ, ಅಕ್ಷರ ದೊಡ್ಡದು, ಪುಟಕ್ಕೆ ಎರಡು ಮೂರು ಸಾಲು. ಒಂದೇ ಮಾತು ಮತ್ತೆ ಮತ್ತೆ ಬರುವ ಕಥೆಗಳು ಇಲ್ಲಿ ಬಹಳ ಕೆಲಸ ಮಾಡುತ್ತವೆ.

ಮೂರನೆಯದರಲ್ಲಿ ವಿಜಾತಿ ಒತ್ತು ಧಾರಾಳವಾಗಿ ಬರಬಹುದು: ಪುಸ್ತಕ, ಚಂದ್ರ, ಹಕ್ಕಿಯ ಜೊತೆಗೆ ಪಕ್ಷಿ. ಅರ್ಕಾವೊತ್ತನ್ನು ಮಾತ್ರ ಪ್ರತ್ಯೇಕವಾಗಿ ಗಮನಿಸಿ. 'ಸೂರ್ಯ', 'ಧರ್ಮ' ಬರೆಯುವಾಗ ಆ ಗುರುತು ಅಕ್ಷರದ ನಂತರ ಬರುತ್ತದೆ, ಓದುವಾಗ ಮೊದಲು. ಐದನೇ ಕ್ಲಾಸಿನ ಒಳ್ಳೆ ಓದುಗರೂ ಇಲ್ಲಿ ಎಡವುತ್ತಾರೆ. ಅರ್ಕಾವೊತ್ತು ಸಾಲು ಸಾಲಾಗಿ ಬರುವ ಪುಸ್ತಕವನ್ನು ಒಂದು ಮಟ್ಟ ಮೇಲೆ ಹಾಕಿ.

ನಾಲ್ಕನೆಯದು ಉಳಿದದ್ದೆಲ್ಲ. ರಾಷ್ಟ್ರ, ಸ್ವಾತಂತ್ರ್ಯದ ಹಾಗೆ ಎರಡೆರಡು ಒತ್ತು ಹೊತ್ತ ಪದಗಳು, ಸಂಧಿ ಮಾಡಿ ಉದ್ದವಾದ ಪದಗಳು, ಒಂದು ಪ್ಯಾರಾದಷ್ಟು ಉದ್ದದ ವಾಕ್ಯಗಳು, ಚಿತ್ರ ಇಲ್ಲದ ಪುಟಗಳು.

ಇನ್ನು ಭಾಷೆಯ ದೂರ. ಅಕ್ಷರ ಸುಲಭ ಇದ್ದೂ ಪುಸ್ತಕ ಕಷ್ಟವಾಗಬಹುದು. ತಿಂಡಿ, ಬೆಳೆ, ಮನೆ, ಸಂಬಂಧದ ಹೆಸರು ಎಲ್ಲ ಮಗು ಕಾಣದ ಊರಿನದ್ದಾದರೆ ಅರ್ಥ ಕೈಗೆ ಸಿಗುವುದಿಲ್ಲ. ಮಲ್ಪೆ ಬಂದರಿನ ಆಸುಪಾಸು, ಮಂಗಳೂರಿನಲ್ಲಿ ಕಟ್ಟಡ ಕೆಲಸ ನಡೆಯುವ ಕಡೆ ಇರುವ ಶಾಲೆಗಳಲ್ಲಿ ಬಾಗಲಕೋಟೆ, ಕೊಪ್ಪಳ, ಗದಗ ಕಡೆಯ ಮಕ್ಕಳೂ ಇರುತ್ತಾರೆ. ಅವರಿಗೆ ನಮ್ಮ ಕಂಬಳ, ಕೋಲ, ಪತ್ರೊಡೆಯ ಕಥೆ ಅಷ್ಟೇ ದೂರ. ಇದಕ್ಕೆ ಬೇರೆ ಮಟ್ಟ ಬೇಡ. ಭಾಷೆ ತೀರಾ ಬೇರೆ ಅನ್ನಿಸಿದರೆ ಹಿಂಬದಿಯ ರಕ್ಷಾಪುಟದ ಒಳಗೆ 'ಓದಿ ಹೇಳಲು' ಅಂತ ಪೆನ್ಸಿಲಿನಲ್ಲಿ ಬರೆಯಿರಿ. ಅಂಥ ಪುಸ್ತಕ ಮೊದಲು ಟೀಚರ್ ಬಾಯಲ್ಲಿ ಕೇಳಲಿ, ಆಮೇಲೆ ಮಗು ತಾನಾಗಿ ತೆಗೆಯುತ್ತದೆ.

ಗುರುತಿಗೆ ಬೆನ್ನಿನ ಮೇಲೆ ಬಣ್ಣದ ಚುಕ್ಕಿ ಅಂಟಿಸಿ. ಮೊದಲ ಮಟ್ಟದಿಂದ ನಾಲ್ಕನೆಯದರವರೆಗೆ ಕ್ರಮವಾಗಿ ಹಳದಿ, ನೀಲಿ, ಹಸಿರು, ನೇರಳೆ. ಕೆಂಪು ಬೇಡ, ಅದು ಮಾರ್ಕು ಕಡಿಮೆ ಬಂದದ್ದರ ಬಣ್ಣ. ಬಣ್ಣ ಸರಿಯಾಗಿ ಕಾಣದ ಮಕ್ಕಳೂ ಇರುತ್ತಾರೆ, ಆದ್ದರಿಂದ ಚುಕ್ಕಿಯ ಒಳಗೆ ಒಂದು ಗೆರೆ, ಎರಡು ಗೆರೆ ಹೀಗೆ ಹಾಕಿ. ಮಟ್ಟಗಳಿಗೆ ಬೂತಾಯಿ, ಬಂಗುಡೆ, ಅಂಜಲ್ ಅಂತ ಮೀನಿನ ಚಂದದ ಹೆಸರಿಡುವ ಆಸೆಯಾಗಬಹುದು. ಇಡಬೇಡಿ. ಯಾವುದರ ರೇಟು ಜಾಸ್ತಿ ಅಂತ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಚುಕ್ಕಿ ಕಡೆಗೂ ಪುಸ್ತಕದ್ದು, 'ನೀನು ಹಳದಿ' ಅಂತ ಮಗುವಿಗೆ ಯಾರೂ ಹೇಳಬಾರದು. ಯಾವ ಮಗು ಯಾವ ಬಣ್ಣ ಬೇಕಾದರೂ ತೆಗೆಯಲಿ. ನೇರಳೆ ಪುಸ್ತಕ ಹೊತ್ತುಕೊಂಡು ಹೋಗಿ ಬರೀ ಚಿತ್ರ ನೋಡಿ ತಂದರೂ ಪರವಾಗಿಲ್ಲ.

ಹೆಜ್ಜೆ 4: ಕೊರತೆ ಎಲ್ಲಿದೆ ನೋಡಿ ತುಂಬಿಸಿ

ಚುಕ್ಕಿ ಅಂಟಿಸಿ ಮುಗಿದಾಗ ಹಳದಿ, ನೀಲಿ ಕಡಿಮೆ ಇದ್ದು ನೇರಳೆ ರಾಶಿ ಬಿದ್ದಿರುತ್ತದೆ. ಇನ್ನು ಮುಂದೆ ಹೊಸ ಪುಸ್ತಕ ತರುವುದು ಹಳದಿಯಿಂದ ಹಸಿರಿನವರೆಗೆ ಮಾತ್ರ ಅಂತ ತೀರ್ಮಾನ ಮಾಡಿ.

ದುಡ್ಡಿನ ವಿಷಯ ಮೊದಲು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಲೈಬ್ರರಿಗೆಂದು ವಾರ್ಷಿಕ ಅನುದಾನ ಇದೆ. ಶಾಲೆಯ ಬಗೆ ನೋಡಿ 5,000ದಿಂದ 20,000 ರೂಪಾಯಿವರೆಗೆ. ಕೆಲವು ಸಲ ದುಡ್ಡಿನ ಬದಲು ಪುಸ್ತಕವೇ ಬರುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿ ಇದ್ದಾಗ ದಪ್ಪ ಪುಸ್ತಕಕ್ಕೆ ಹೋಗಬೇಡಿ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕ ಇವರ ತೆಳು ಚಿತ್ರಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಚೆನ್ನೈನ ತೂಲಿಕಾದವರು ಕನ್ನಡ-ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿ ಇರುವ ಪುಸ್ತಕ ತರುತ್ತಾರೆ. ದ್ವಿಭಾಷಾ ವಿಭಾಗ ಇರುವ ಶಾಲೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಒಂದು ಮಾತು: ಇಂಗ್ಲಿಷ್ ಪುಸ್ತಕಗಳಿಗೆ ಬೇರೆಯೇ ಮಟ್ಟ ಹಾಕಿ. ಕನ್ನಡದಲ್ಲಿ ನೇರಳೆ ಓದುವ ಮಗು ಇಂಗ್ಲಿಷಿನಲ್ಲಿ ಹಳದಿಯಲ್ಲೇ ಇರಬಹುದು.

ದುಡ್ಡಿಲ್ಲದೆ ಸಿಗುವುದೂ ಬಹಳ ಇದೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಸಾವಿರಾರು ಕಥೆ ಇವೆ, ಕನ್ನಡದಲ್ಲೂ ಬೇಕಾದಷ್ಟು. ಅವು ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಪದ ಬದಲಿಸಿ ಸುಲಭ ಮಾಡಿಕೊಳ್ಳಲೂ ಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಬಿಡಬಾರದು, ಪದ ಬದಲಿಸಿದ್ದರೆ ಅದನ್ನೂ ಹೇಳಬೇಕು. ಒಂದು ಕಥೆಯನ್ನು ಕಲರ್ ಪ್ರಿಂಟ್ ತೆಗೆದು, ದಪ್ಪ ಕಾಗದಕ್ಕೆ ಅಂಟಿಸಿ, ನಡುವೆ ಹೊಲಿದರೆ ಹಳದಿ ಚುಕ್ಕಿಯ ಪುಸ್ತಕ ರೆಡಿ. ಅಂಗಡಿಯ ಪುಸ್ತಕಗಳನ್ನು ಪೂರ್ತಿ ಜೆರಾಕ್ಸ್ ಮಾಡಿಸುವ ಕೆಲಸಕ್ಕೆ ಮಾತ್ರ ಹೋಗಬೇಡಿ.

ಹಳೆಯ ಪದ್ಯಗಳ ಕಡೆಗೂ ನೋಡಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿಸ್ವಾಮ್ಯ ಮುಗಿಯುತ್ತದೆ. ಬಂಟ್ವಾಳದವರೇ ಆದ ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರ ಮಕ್ಕಳ ಪದ್ಯಗಳನ್ನು ಯಾರು ಬೇಕಾದರೂ ದೊಡ್ಡ ಅಕ್ಷರದಲ್ಲಿ ಬರೆದು ತೂಗು ಹಾಕಬಹುದು. ಬಾಯಿಪಾಠ ಬರುವ ಪದ್ಯವನ್ನು ಬೆರಳಿಟ್ಟು ಓದುವುದು ಕಲಿಯುವ ಮಗುವಿಗೆ ಬಹಳ ಒಳ್ಳೆಯ ಮೊದಲ ಓದು. ಏನು ಬರೆದಿದೆ ಅಂತ ಮೊದಲೇ ಗೊತ್ತಿರುವುದರಿಂದ ಒತ್ತಕ್ಷರ ಹೆದರಿಸುವುದಿಲ್ಲ. ಒಗಟು, ಗಾದೆ, ಜನಪದ ಹಾಡುಗಳೂ ಹೀಗೆಯೇ.

ದಾನ ಕೊಡುವವರಿಗೆ 'ಪುಸ್ತಕ ಕೊಡಿ' ಅಂತ ಹೇಳಬೇಡಿ. ಹಾಗೆ ಹೇಳಿದರೆ ಅಟ್ಟ ಖಾಲಿಯಾಗಿ ನಿಮ್ಮ ಕಪಾಟು ತುಂಬುತ್ತದೆ. ಹೆಸರು, ಪ್ರಕಾಶಕರು, ಬೆಲೆ ಬರೆದ ಪಟ್ಟಿ ಕೊಡಿ. ಮನೆಗಳಲ್ಲಿ ಬಿದ್ದಿರುವ ಹಳೆಯ ಚಂದಮಾಮ, ಬಾಲಮಂಗಳ, ತುಂತುರು ಸಂಚಿಕೆಗಳನ್ನು ಮಾತ್ರ ಪಟ್ಟಿಯಿಲ್ಲದೆಯೂ ಕೇಳಿ.

ಪಂಚಾಯತ್ ಲೈಬ್ರರಿಯನ್ನು ಮರೆಯಬೇಡಿ. ಈಗ ಅರಿವು ಕೇಂದ್ರ ಅಂತ ಬೋರ್ಡು ಇರುತ್ತದೆ. 2020ರ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲು ಶುರು ಮಾಡಿದರು. ಶಾಲೆಯಲ್ಲಿ ನೇರಳೆ ಮುಗಿಸಿದ ಹುಡುಗಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಚುರುಕಾಗಿ ಓದುವ ಮಕ್ಕಳು ತಾವೇ ಓದಿಕೊಳ್ಳುತ್ತಾರೆ ಅಂತ ಬಿಟ್ಟುಬಿಡುವುದು ನಮ್ಮಲ್ಲಿ ಜಾಸ್ತಿ.

ಹೆಜ್ಜೆ 5: ದೊಡ್ಡ ಮಕ್ಕಳಿಗೆ ಸುಲಭ ಪುಸ್ತಕ, ಮರ್ಯಾದೆ ಹೋಗದ ಹಾಗೆ

ಹದಿಮೂರು ವರ್ಷದ ಹುಡುಗ ಓದುವುದು ನೀಲಿ ಮಟ್ಟದಲ್ಲಿ. ಆದರೆ ಅವನ ತಲೆಯಲ್ಲಿ ಇರುವುದು ಕ್ರಿಕೆಟ್ಟು, ಬೈಕು, ಬೋಟು. ಅವನ ಕೈಗೆ ಮೊಲ-ಆಮೆ ಕಥೆ ಕೊಟ್ಟರೆ ತೆಗೆದುಕೊಳ್ಳುತ್ತಾನೆ, ಓದುವುದಿಲ್ಲ. ಯಾಕೆಂದರೆ ಪಕ್ಕದವನು ನೋಡುತ್ತಿದ್ದಾನೆ.

ಇಂಥವರಿಗೆ ಹೇಳಿ ಮಾಡಿಸಿದ ಪುಸ್ತಕ ಕನ್ನಡದಲ್ಲಿ ಅಂಗಡಿಯಲ್ಲಿ ಸಿಗುವುದು ಕಡಿಮೆ. ನಾವೇ ಮಾಡಬೇಕು. ಪತ್ರಿಕೆಯ ಕ್ರೀಡಾ ಪುಟದ ಫೋಟೋ ಕತ್ತರಿಸಿ, ಪ್ರತಿ ಫೋಟೋ ಕೆಳಗೆ ಎರಡು ಸಾಲು ಬರೆದು ಒಂದು ಪುಸ್ತಕ ಮಾಡಿ. ಕಂಬಳದ ಕೋಣಗಳದ್ದು ಇನ್ನೊಂದು, ದೋಣಿಯ ಭಾಗಗಳ ಹೆಸರಿನದು ಮತ್ತೊಂದು. ಬಸ್ ಬೋರ್ಡುಗಳ ಫೋಟೋ ಪುಸ್ತಕ ಮಾಡಿದರೆ ಮೇಲೆ ಹೇಳಿದ ಮೂರೂ ಮಟ್ಟ ಅದರಲ್ಲೇ ಬಂತು. ಮಾಡುವ ವಿಧಾನ ಸುಲಭ: ಹುಡುಗ ಹೇಳಲಿ, ಟೀಚರ್ ಅವನ ಮಾತಿನಲ್ಲೇ ಬರೆಯಲಿ, ಅವನೇ ಓದಲಿ. ತಾನು ಹೇಳಿದ್ದನ್ನು ಓದುವಾಗ ಅರ್ಥದ ತೊಂದರೆ ಬರುವುದಿಲ್ಲ, ಅಕ್ಷರದ ಮೇಲೆ ಮಾತ್ರ ಗಮನ ಇಟ್ಟರೆ ಸಾಕು. ಬಳಿಕ ಬೈಂಡ್ ಮಾಡಿ, ಅವನ ಹೆಸರು ಹಾಕಿ, ನಂಬರ್ ಕೊಟ್ಟು ಕಪಾಟಿಗೆ ಸೇರಿಸಿ.

ಕಾಮಿಕ್ಸನ್ನು ಕೀಳಾಗಿ ನೋಡುವ ಹಿರಿಯರು ಇನ್ನೂ ಇದ್ದಾರೆ. ಅವರ ಮಾತು ಕೇಳಬೇಡಿ. ಗುಳ್ಳೆಯೊಳಗಿನ ಗಿಡ್ಡ ಮಾತು, ಪಕ್ಕದಲ್ಲೇ ಅರ್ಥ ಹೇಳುವ ಚಿತ್ರ, ಇದಕ್ಕಿಂತ ಒಳ್ಳೆಯ ಊರುಗೋಲು ಯಾವುದಿದೆ? ಚಿತ್ರಕಥೆಗಳಿಂದ ಪುರಾಣ, ಇತಿಹಾಸವನ್ನು ಮನೆಮನೆಗೆ ಮುಟ್ಟಿಸಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲೇ.

ನನಗೆ ತುಂಬ ಇಷ್ಟವಾದ ಉಪಾಯ ಒಂದಿದೆ. ಏಳನೇ ಕ್ಲಾಸಿನ ಮಕ್ಕಳಿಗೆ ಒಂದನೇ ಕ್ಲಾಸಿನವರಿಗೆ ಕಥೆ ಓದಿ ಹೇಳುವ ಕೆಲಸ ಕೊಡುವುದು. ಎಲ್ಲರೂ ವಾರಕ್ಕೊಮ್ಮೆ ಹಳದಿ ಅಥವಾ ನೀಲಿ ಪುಸ್ತಕ ತೆಗೆದು ಮನೆಯಲ್ಲಿ ಅಭ್ಯಾಸ ಮಾಡಲೇಬೇಕು, ಯಾಕೆಂದರೆ ಪುಟಾಣಿಗಳ ಎದುರು ತಡವರಿಸಬಾರದು. ತಡವಾಗಿ ಓದುವ ಹುಡುಗ ಸುಲಭದ ಪುಸ್ತಕ ಹಿಡಿದುಕೊಂಡದ್ದು ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಅವನು ಅದೇ ಪುಸ್ತಕವನ್ನು ಹತ್ತು ಸಲ ಓದುತ್ತಾನೆ. ಹತ್ತು ಸಲ ಓದು ಅಂತ ನಾವು ಹೇಳಿದ್ದರೆ ಓದುತ್ತಿದ್ದನೇ?

ಹೈಸ್ಕೂಲಿನವರಿಗೆ ಯಕ್ಷಗಾನದ ದಾರಿಯೂ ಇದೆ. ಉಡುಪಿಯ ಹಲವು ಹೈಸ್ಕೂಲುಗಳಲ್ಲಿ ಯಕ್ಷಗಾನ ಕಲಿಸುತ್ತಾರೆ. ಅಭಿಮನ್ಯುವಿನ ವೇಷ ಹಾಕಿದ ಹುಡುಗನಿಗೆ ಚಕ್ರವ್ಯೂಹದ ಕಥೆ ಪೂರ್ತಿ ಗೊತ್ತು. ಅವನು ಆ ಕಥೆಯ ಗದ್ಯವನ್ನು ತನ್ನ ಮಟ್ಟಕ್ಕಿಂತ ಮೇಲಿನದ್ದಾದರೂ ಓದಿಬಿಡುತ್ತಾನೆ. ಪ್ರಸಂಗ ಪುಸ್ತಕ ಕೈಗೆ ಕೊಡುವುದು ಆಮೇಲಿನ ಮಾತು, ಅದು ಹಳೆಗನ್ನಡದ ಕಡೆಗೆ ವಾಲುತ್ತದೆ.

ಹೆಜ್ಜೆ 6: ಮನೆಮಾತಿಗೆ ಒಂದು ಗೂಡು ಬಿಡಿ

ತುಳು, ಕೊಂಕಣಿ, ಬ್ಯಾರಿ ಸಾಹಿತ್ಯ ಅಕಾಡೆಮಿಗಳು ಮೂರೂ ಮಂಗಳೂರಿನಲ್ಲೇ ಇವೆ. ಅವುಗಳ ಪ್ರಕಟಣೆಗಳನ್ನು ಕೇಳಿ ತರಿಸಿ. ತುಳುವನ್ನು ಆರನೇ ತರಗತಿಯಿಂದ ತೃತೀಯ ಭಾಷೆಯಾಗಿ ಕಲಿಯಲು ಅವಕಾಶ ಇದೆ, ಕನ್ನಡ ಲಿಪಿಯಲ್ಲೇ ಪಠ್ಯ ಇದೆ. ಅದರ ಕೆಲವು ಪ್ರತಿಗಳೂ ಕಪಾಟಿನಲ್ಲಿ ಇರಲಿ. ಆದರೆ ಸಣ್ಣ ಮಕ್ಕಳ ಮಟ್ಟದ ಚಿತ್ರಪುಸ್ತಕ ಸಾಲದು. ಅದಕ್ಕೂ ಕೈಯಾರೆ ಮಾಡುವುದೇ ದಾರಿ. ಒಂದು ಚಿತ್ರ, ಮೇಲೆ ಕನ್ನಡ ಪದ, ಕೆಳಗೆ ಮಕ್ಕಳ ಮನೆಯ ಪದ, ತುಳುವಾದರೆ: ಬೆಕ್ಕು-ಪುಚ್ಚೆ, ಮಳೆ-ಬರ್ಸ, ದನ-ಪೆತ್ತ. ಅಜ್ಜಿಯರನ್ನು ಶಾಲೆಗೆ ಕರೆದು ಕಥೆ ಹೇಳಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ದೊಡ್ಡ ಮಕ್ಕಳಿಂದ ಬರೆಸಿ.

ಒಂದು ಕಿವಿಮಾತು. ತುಳುವನ್ನು ಕನ್ನಡ ಲಿಪಿಯಲ್ಲಿ ಓದುವುದು ಮನೆಯಲ್ಲಿ ತುಳು ಮಾತಾಡುವ ದೊಡ್ಡವರಿಗೂ ಮೊದಮೊದಲು ನಿಧಾನ. ಅರ್ಧಾಕ್ಷರಗಳು ಹೆಚ್ಚು ಬರುತ್ತವೆ. ಆದ್ದರಿಂದ 'ಮನೆಭಾಷೆ, ಹಾಗಾಗಿ ಸುಲಭ' ಅಂತ ಎಲ್ಲದಕ್ಕೂ ಹಳದಿ ಚುಕ್ಕಿ ಹಾಕಬೇಡಿ. ಓದಿಸಿ ನೋಡಿ ಮಟ್ಟ ಹಾಕಿ.

ಹೆಜ್ಜೆ 7: ಮುದ್ರಿತ ಪುಟವೇ ಕಷ್ಟವಾಗುವ ಮಕ್ಕಳಿಗೆ

ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಗಳೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿವೆ. ಹೌದೋ ಅಲ್ಲವೋ ಅಂತ ಹೇಳುವುದು ತಜ್ಞರ ಕೆಲಸ. ಲೈಬ್ರರಿಯಲ್ಲಿ ನಾವು ಮಾಡುವುದು ಬೇರೆ: ದೊಡ್ಡ ಅಕ್ಷರ, ಸಾಲುಗಳ ನಡುವೆ ಜಾಸ್ತಿ ಜಾಗ, ಓದುವ ಸಾಲಿನ ಕೆಳಗೆ ಇಡಲು ಒಂದು ರಟ್ಟಿನ ಪಟ್ಟಿ. ಕನ್ನಡದಲ್ಲಿ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಸಾಲು ಇಕ್ಕಟ್ಟಾದರೆ ಅದು ಕೆಳಗಿನ ಸಾಲಿನ ತಲೆಗಟ್ಟಿಗೆ ತಾಗಿ ಗೊಂದಲವಾಗುತ್ತದೆ.

ಕೇಳುವ ಪುಸ್ತಕಗಳನ್ನೂ ಇಡಿ. ಚೆನ್ನಾಗಿ ಓದುವ ಮಕ್ಕಳಿಂದ ಪುಸ್ತಕವನ್ನು ಮೊಬೈಲಿನಲ್ಲಿ ಓದಿಸಿ ಇಟ್ಟರೆ, ಇನ್ನೊಂದು ಮಗು ಕೇಳುತ್ತಾ ಪುಟದಲ್ಲಿ ಬೆರಳು ಓಡಿಸಬಹುದು. ಕಣ್ಣು ಕಾಣದ ಅಥವಾ ಮುದ್ರಿತ ಪುಟ ಓದಲಾಗದ ಮಕ್ಕಳಿಗೆ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಲೈಬ್ರರಿ 2016ರಿಂದ ಇದೆ. ಅಂಥ ಮಗು ಶಾಲೆಯಲ್ಲಿ ಇದ್ದರೆ ಸದಸ್ಯತ್ವ ಮಾಡಿಸಿಕೊಡಿ.

ಹೆಜ್ಜೆ 8: ಪುಸ್ತಕ ಕೈಯಿಂದ ಕೈಗೆ ಹೋಗಲಿ

ಮುಖಪುಟ ಕಾಣುವ ಹಾಗೆ ಇಡಿ. ಬೆನ್ನು ನೋಡಿ ಪುಸ್ತಕ ಆರಿಸುವುದು ದೊಡ್ಡವರ ಅಭ್ಯಾಸ. ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಿಂದ ತೂಗು ಹಾಕಿದರೂ ಆಗುತ್ತದೆ. ಎಲ್ಲ ಬಣ್ಣಗಳೂ ಬೆರೆತಿರಲಿ. ಹಳದಿಗೊಂದು ಮೂಲೆ ಮಾಡಿದರೆ ಆ ಮೂಲೆಗೆ ದೊಡ್ಡ ಮಕ್ಕಳು ಬರುವುದಿಲ್ಲ.

ರಿಜಿಸ್ಟರ್ ಸರಳ ಇರಲಿ. ತಾರೀಕು, ಹೆಸರು, ಪುಸ್ತಕದ ನಂಬರ್, ಚುಕ್ಕಿಯ ಬಣ್ಣ, ವಾಪಸ್. ಮಕ್ಕಳೇ ಬರೆಯಲಿ. ಕಳೆದು ಹೋದ ಪುಸ್ತಕಕ್ಕೆ ದಂಡ ಹಾಕಬೇಡಿ. ದಂಡದ ಭಯ ಇರುವ ಮನೆಯವರು 'ಪುಸ್ತಕ ತರಲೇಬೇಡ' ಅನ್ನುತ್ತಾರೆ. ವರ್ಷಕ್ಕೆ ಕೆಲವು ಪುಸ್ತಕ ಹೋಗಲಿ, ಅದು ಓದಿಗೆ ಆದ ಖರ್ಚು.

ಲೈಬ್ರರಿ ಪೀರಿಯಡ್ಡಿನಲ್ಲಿ ಮೊದಲ ಹತ್ತು ನಿಮಿಷ ಟೀಚರ್ ಗಟ್ಟಿಯಾಗಿ ಓದಲಿ. ಮಕ್ಕಳು ತಾವಾಗಿ ಓದಲಾಗದ, ಒಂದು ಮಟ್ಟ ಮೇಲಿನ ಪುಸ್ತಕ ಆರಿಸಿ, ಸ್ವಾರಸ್ಯದ ಕಡೆ ನಿಲ್ಲಿಸಿ. ಆಮೇಲೆ ಎಲ್ಲರೂ ಸುಮ್ನೆ ಕೂತು ತಮ್ಮ ತಮ್ಮದು ಓದಲಿ. ಸಾರಾಂಶ ಬರೆ, ನೀತಿ ಹೇಳು ಅಂತ ಕೇಳಬೇಡಿ. ಅದು ಕನ್ನಡ ಪೀರಿಯಡ್ಡಿನ ಕೆಲಸ.

ಹೆಜ್ಜೆ 9: ಮಳೆಗಾಲಕ್ಕೆ ತಯಾರಿ

ಬೇರೆ ಜಿಲ್ಲೆಯ ಮಾರ್ಗದರ್ಶಿಗಳಲ್ಲಿ ಇದು ಇರುವುದಿಲ್ಲ, ನಮ್ಮಲ್ಲಿ ಇದಿಲ್ಲದೆ ಲೈಬ್ರರಿಯೇ ಇಲ್ಲ. ಜೂನ್‌ನಿಂದ ಆಟಿ ತಿಂಗಳು (ಆಗಸ್ಟ್ ನಡುವಿನವರೆಗೆ) ಕಳೆಯುವ ತನಕ ಗಾಳಿಯಲ್ಲೇ ನೀರು. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆ, ನೆಲದಿಂದ ಕಲ್ಲಿನ ಮೇಲೆ ಇಡಿ. ಹಂಚಿನ ಮಾಡಾದರೆ ಸೋರುವ ಜಾಗ ಮೇ ತಿಂಗಳಲ್ಲೇ ನೋಡಿಕೊಳ್ಳಿ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ, ನಡುವೆ ಗಾಳಿ ಆಡಬೇಕು. ದಿನಾ ಬಾಗಿಲು ತೆರೆಯುವ ಕಪಾಟಿನಲ್ಲಿ ಬೂಷ್ಟು ಕಡಿಮೆ. ಬೀಗ ಹಾಕಿಟ್ಟದ್ದೇ ಹಾಳಾಗುವುದು. ನುಸಿಗುಳಿಗೆ ಮಕ್ಕಳ ಕೈಗೆ ಸಿಗುವ ಕಡೆ ಬೇಡ, ಅದು ವಿಷ.

ಮನೆಗೆ ಒಯ್ಯುವಾಗ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಕೊಡಿ, ಮನೆ ಮುಟ್ಟಿದ ಕೂಡಲೇ ಹೊರಗೆ ತೆಗೆಯಲು ಹೇಳಿ. ತೇವ ಒಳಗೇ ಉಳಿದರೆ ಬೂಷ್ಟು ಬೇಗ ಹಿಡಿಯುತ್ತದೆ. ಒದ್ದೆಯಾದ ಪುಸ್ತಕದ ಪುಟಗಳ ನಡುವೆ ಪೇಪರ್ ಇಟ್ಟು ಫ್ಯಾನಿನ ಕೆಳಗೆ ಬಿಡಿಸಿಡಿ, ಬಿಸಿಲಿಗೆ ಹಾಕಿದರೆ ರಟ್ಟು ಸೊಟ್ಟಗಾಗುತ್ತದೆ. ಬೂಷ್ಟು ಹಿಡಿದದ್ದನ್ನು ಕೋಣೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಶ್ಶಿನಲ್ಲಿ ದೊಡ್ಡವರೇ ಕ್ಲೀನ್ ಮಾಡಲಿ.

ಮಳೆ ರಜೆಯೂ ಲೈಬ್ರರಿಗೆ ಲಾಭವೇ. ರೆಡ್ ಅಲರ್ಟ್ ಸುದ್ದಿ ಬಂದ ಸಂಜೆ ಪ್ರತಿ ಮಗುವಿನ ಕೈಗೂ ಎರಡು ಪುಸ್ತಕ ಕೊಡಿ, ಒಂದು ತಾನು ಓದಲು, ಇನ್ನೊಂದು ಮನೆಯಲ್ಲಿ ಯಾರಾದರೂ ಓದಿ ಹೇಳಲು.

ಹೆಜ್ಜೆ 10: ಮಾರ್ಚಿನಲ್ಲಿ ರಿಜಿಸ್ಟರ್ ತೆರೆಯಿರಿ

ಬಣ್ಣದ ಕಾಲಂ ಎಣಿಸಿದರೆ ಯಾವ ಮಟ್ಟದ ಪುಸ್ತಕ ಜಾಸ್ತಿ ಓಡಿತು ಅಂತ ಗೊತ್ತಾಗುತ್ತದೆ. ಒಂದೇ ಮಗು ವರ್ಷವಿಡೀ ನೀಲಿಯಲ್ಲೇ ನಿಂತಿದ್ದರೆ ಅದರ ಪಕ್ಕ ಕೂತು ಹಸಿರಿನ ಒಂದು ಪುಸ್ತಕ ಜೊತೆಗೆ ಓದಿ. ಎಲ್ಲಿ ನಿಲ್ಲುತ್ತದೆ ನೋಡಿ. ಹೆಚ್ಚಾಗಿ ಅರ್ಕಾವೊತ್ತಿನಲ್ಲೋ, ಒಂದೆರಡು ಮಹಾಪ್ರಾಣಗಳಲ್ಲೋ ಸಿಕ್ಕಿಕೊಂಡಿರುತ್ತದೆ, ಅಷ್ಟೇ ಕಲಿಸಿದರೆ ಮುಂದೆ ಹೋಗುತ್ತದೆ. ಯಾರೂ ಮುಟ್ಟದ ಪುಸ್ತಕಗಳ ಪಟ್ಟಿ ಬೇರೆ ಮಾಡಿ, ಪಕ್ಕದ ಶಾಲೆಯವರ ಜೊತೆ ಒಂದು ವರ್ಷಕ್ಕೆ ಅದಲು ಬದಲು ಮಾಡಿಕೊಳ್ಳಲು ಸಿಆರ್‌ಪಿಯವರ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಿರ ಮಾತಾಡಿ. ಹರಿದು ಚಿಂದಿಯಾದ ಪುಸ್ತಕಗಳ ಹೆಸರನ್ನು ಮುಂದಿನ ವರ್ಷದ ಖರೀದಿ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದು, ಎರಡೆರಡು ಪ್ರತಿ ತರಿಸಿ.